ಗಾಜಿಪುರಕ್ಕೆ ಇನ್ನೊಂದು ತಾಸು

ಕಣ್ಣು ತೆರೆದಾಗ ಮುಂದೆ ರಸ್ತೆ ಇರಲಿಲ್ಲ, ಕಬ್ಬಿತ್ತು.

ಗಾಜಿನ ತುಂಬ ಕಬ್ಬು. ಹೆಡ್‌ಲೈಟಿನ ಬೆಳಕಿಗೆ ಕೊಯ್ದ ಬುಡಗಳು ನೂರಾರು ಬಿಳಿ ಬಿಲ್ಲೆಗಳಾಗಿ ಹೊಳೆಯುತ್ತಿದ್ದವು. ಕೂತು ಎಣಿಸಬಹುದು, ಅಷ್ಟು ಹತ್ತಿರ. ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇಲ್ಲ. ಜೋಡಿ ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಒಂದು ಟಾರು ರಸ್ತೆಯ ಮೇಲೆಯೇ ನಿಂತುಬಿಟ್ಟಿತ್ತು. ಬ್ರೇಕ್ ಒತ್ತಿದೆ, ಸಾಲದು ಅಂತ ಕಾಲಿಗೇ ಗೊತ್ತಾಯಿತು. ಬಲಕ್ಕೆ ತಿರುಗಿಸಿಕೊಳ್ಳೋಣವೆಂದರೆ ಎದುರಿನಿಂದ ಲಾರಿಯ ಎರಡು ದೀಪ. ಎಡಕ್ಕೆ ಎಳೆದೆ. ಟಾರು ಮುಗಿಯಿತು, ಜಲ್ಲಿ ಬಂತು, ಸ್ಟೇರಿಂಗ್ ಕೈಯೊಳಗಿನಿಂದ ಕಿತ್ತುಕೊಂಡು ಹೋಗುವಂತೆ ಕುಣಿಯಿತು, ಬಲಗಡೆಯ ಕನ್ನಡಿಗೆ ಕಬ್ಬು ಬಡಿದು ಕನ್ನಡಿ ಪಟಾರನೆ ಮಡಚಿಕೊಂಡಿತು, ಹಿಂದಿನ ಸೀಟಿನಿಂದ ಅವ್ವ ಚೀರಿದಳು, ಧೂಳು ಎದ್ದು ಏನೂ ಕಾಣದಾಯಿತು, ಧೂಳಿನೊಳಗೆ ಮೋರಿಯ ಕಟ್ಟೆ ಒಮ್ಮೆಲೇ ಎದ್ದು ನಿಂತಿತು. ಎರಡೂ ಕಾಲಿನಿಂದ ಬ್ರೇಕ್ ತುಳಿದೆ.

ಗಾಡಿ ನಿಂತಿತು. ಎಂಜಿನ್ ತಾನಾಗಿಯೇ ಆರಿತು. ಬೆಳಗಿನ ಜಾವ ಮೂರು ಗಂಟೆ ನಲವತ್ತೈದು ನಿಮಿಷ. ಕಮಲಾಪುರ ಇನ್ನೂ ಮುಂದಿತ್ತು. ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಇನ್ನೊಂದು ತಾಸಿನ ದಾರಿ.

ಇದು ಹೇಗಾಯಿತೆಂದು ಹೇಳಬೇಕಾದರೆ ಹಿಂದಿನ ಬೆಳಿಗ್ಗೆ ಐದೂವರೆಗೆ ಹೋಗಬೇಕು. ಜನವರಿ ತಿಂಗಳು, ತೊಗರಿ ಸುಗ್ಗಿ. ನನ್ನದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಸುಗ್ಗಿಯಲ್ಲಿ ಮಿಲ್ಲಿಗೆ ಹಗಲು ರಾತ್ರಿಯ ಭೇದವಿಲ್ಲ. ಐದೂವರೆಗೆ ಎದ್ದವನು ಹನ್ನೆರಡರವರೆಗೆ ಚೀಲದ ಲೆಕ್ಕ ನೋಡಿ, ಹಾಗೆಯೇ ಹೆಂಡತಿಯನ್ನೂ ಸೋದರಮಾವನನ್ನೂ ಕೂರಿಸಿಕೊಂಡು ಹೈದರಾಬಾದಿಗೆ ಹೊರಟೆ. ಅವ್ವನ ಮೊಣಕಾಲಿನ ಆಪರೇಶನ್ ಆಗಿ ಅಂದು ಡಿಸ್ಚಾರ್ಜ್ ಇತ್ತು. ಕಾಗದ ಪತ್ರ ಮುಗಿಯುವಾಗ ರಾತ್ರಿ ಹತ್ತೂವರೆ. ನೆಗಡಿಯಿಂದ ಮೂಗು ಸೋರುತ್ತಿತ್ತು. ಔಷಧಿ ಅಂಗಡಿಯಲ್ಲಿ ಒಂದು ಗುಳಿಗೆ ಕೇಳಿ ನುಂಗಿದೆ, ಮೇಲೆ ಹೊಟ್ಟೆ ಬಿರಿಯುವಷ್ಟು ಬಿರ್ಯಾನಿ ತಿಂದೆ.

ಅಲ್ಲಿಯೇ ಒಂದು ರೂಮು ಮಾಡಬಹುದಿತ್ತು. ಅವ್ವ ಒಪ್ಪಲಿಲ್ಲ. "ಮನೀ ಹಾಸಿಗ್ಯಾಗ ಮಕ್ಕೊಂಡ್ರೇ ನನಗ ನಿದ್ದಿ ಬರ್ತದ, ನಡಿ ಹೋಗಮು" ಅಂದಳು. ನನಗೂ ಬೆಳಿಗ್ಗೆ ಮಿಲ್ಲಿಗೆ ಹೋಗಬೇಕಿತ್ತು. ಹನ್ನೊಂದೂವರೆಗೆ ಗಾಡಿ ತೆಗೆದೆ.

ಸಂಗಾರೆಡ್ಡಿಯವರೆಗೆ ಚೆನ್ನಾಗಿಯೇ ಇದ್ದೆ. ಜಹೀರಾಬಾದ್ ಬರುವ ಹೊತ್ತಿಗೆ ಹಿಂದೆ ಅವ್ವನೂ ಹೆಂಡತಿಯೂ ನಿದ್ದೆಹೋಗಿದ್ದರು. ಮಲಗಿದವರ ಉಸಿರಿಗೆ ಒಂದು ಲಯ ಇರುತ್ತದೆ. ಮುಚ್ಚಿದ ಗಾಜು, ಬೆಚ್ಚಗಿನ ಗಾಳಿ, ಆ ಲಯ, ಎದುರಿಗೆ ಒಂದೇ ಸಮನೆ ಬಂದು ಕಾಲ ಕೆಳಗೆ ಹೋಗುವ ಬಿಳಿ ಗೆರೆ. ಇದಕ್ಕಿಂತ ಒಳ್ಳೆಯ ಜೋಗುಳ ಬೇಕೆ? ಮೊದಲು ಆಕಳಿಕೆ ಬಂತು. ಆಮೇಲೆ ಕಣ್ಣಲ್ಲಿ ಮರಳು ಬಿದ್ದ ಹಾಗೆ ಉರಿ. ಗಾಜು ಇಳಿಸಿದೆ. ಜನವರಿಯ ಚಳಿ ಮುಖಕ್ಕೆ ಬಡಿಯಿತು, ಐದು ನಿಮಿಷ ಎಚ್ಚರವಾದಂತಾಯಿತು, ಮತ್ತೆ ಅದೇ. ಹಾಡು ಜೋರು ಮಾಡಿದೆ. ಹಾಡು ಯಾವುದಿತ್ತೆಂದು ಈಗ ಕೇಳಿದರೆ ಹೇಳಲಾರೆ, ಆಗಲೂ ಗೊತ್ತಿರಲಿಲ್ಲ. ತೊಡೆ ಚಿವುಟಿಕೊಂಡೆ. ನೀರಿನ ಬಾಟಲಿ ತಲೆಗೆ ಸುರಿದುಕೊಂಡೆ. ರಾತ್ರಿ ಗಾಡಿ ಹೊಡೆಯುವವರೆಲ್ಲ ಮಾಡುವುದು ಇವನ್ನೇ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಹಾರ್ನ್, ರೇನರ್ ಎಂಬ ನಿದ್ರಾ ಸಂಶೋಧಕರು ಈ ತಣ್ಣನೆ ಗಾಳಿ, ರೇಡಿಯೋಗಳನ್ನೇ ಪರೀಕ್ಷೆಗೆ ಹಚ್ಚಿ 1998ರಲ್ಲಿ ಬರೆದಿದ್ದಾರೆ. ಅವುಗಳಿಂದ ಸಿಗುವುದು ಬಹಳವಾದರೆ ಕೆಲವು ನಿಮಿಷ. ಗಾಡಿ ನಿಲ್ಲಿಸಲು ಒಂದು ಸುರಕ್ಷಿತ ಜಾಗ ಹುಡುಕಿಕೊಳ್ಳುವಷ್ಟು ಹೊತ್ತು. ನಾನು ಆ ನಿಮಿಷಗಳನ್ನು ನಿಲ್ಲಿಸುವ ಜಾಗ ಹುಡುಕಲು ಬಳಸಲಿಲ್ಲ, ಇನ್ನಷ್ಟು ಮುಂದೆ ಹೋಗಲು ಬಳಸಿದೆ.

ಹುಮನಾಬಾದಿನಲ್ಲಿ ಪುಣೆ ಹೆದ್ದಾರಿ ಬಿಟ್ಟು ಕಲಬುರಗಿ ರಸ್ತೆಗೆ ತಿರುಗುವಾಗ ಮೂರು ಗಂಟೆ ದಾಟಿತ್ತು. ಮಾಮಾ ಎದ್ದು ನನ್ನ ಮುಖ ನೋಡಿದ. ಮೂವತ್ತು ವರ್ಷ ಲಾರಿ ಹೊಡೆದವನು. ಈಗ ಕಣ್ಣಿನ ಪೊರೆಯಿಂದಾಗಿ ರಾತ್ರಿ ಗಾಡಿ ಮುಟ್ಟುವುದಿಲ್ಲ.

"ಅಳಿಯಾ, ನಿದ್ದಿ ಬರ್ಲತ್ತದೇನು?"

"ಇಲ್ಲ ಮಾಮಾ, ಚಲೋ ಅದೀನಿ."

"ಬಸ್‌ಸ್ಟ್ಯಾಂಡ್ ಬಾಜೂಕ ಸೈಡಿಗಿ ಹಚ್ಚು. ಒಂದ್ ಅರ್ಧ ತಾಸು ಮಕ್ಕೊಂಡು ಹೋಗಮು."

"ಇನ್ನೊಂದು ತಾಸು ಮಾಮಾ. ಊರು ಬಂದೇ ಬಿಟ್ಟದ."

ಮಾಮಾ ಏನೋ ಹೇಳಲು ಬಾಯಿ ತೆಗೆದು ಸುಮ್ಮನಾದ. ಸಂಜೆಯಿಂದ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದ ಎಪ್ಪತ್ತರ ಜೀವ. ಹತ್ತು ನಿಮಿಷದಲ್ಲಿ ಅವನ ತಲೆಯೂ ಕಿಟಕಿಗೆ ವಾಲಿತು. ಆಮೇಲೆ ಆ ಗಾಡಿಯೊಳಗೆ ಎಚ್ಚರವಿರಬೇಕಾದವನು ನಾನೊಬ್ಬನೇ.

ಕಿಣ್ಣಿ ಸಡಕದ ಬೋರ್ಡು ನೋಡಿದ್ದು ನೆನಪಿದೆ. ಅದರ ಹಿಂದಿನ ಹಳ್ಳಿಗಳು ಯಾವಾಗ ಹೋದವು? ನೆನಪಿಲ್ಲ. ಕೈ ಸ್ಟೇರಿಂಗ್ ತಿರುಗಿಸಿದೆ, ಕಾಲು ಗೇರು ಬದಲಿಸಲು ಕ್ಲಚ್ ತುಳಿದಿದೆ, ಎದುರು ಗಾಡಿಗೆ ಡಿಪ್ಪರ್ ಕೂಡ ಕೊಟ್ಟಿರಬೇಕು, ಆದರೆ ಒಳಗೆ ನಾನು ಇರಲಿಲ್ಲ. ಆ ಕ್ಷಣಕ್ಕೆ ಹೆದರಿ ಗಾಡಿ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಮಾತ್ರ ಒಳ್ಳೆಯದೇ ಆಯಿತು, ಅಷ್ಟು ದಾರಿ ಕಡಿಮೆಯಾಯಿತು ಅಂದುಕೊಂಡೆ. ದಣಿದ ಮಿದುಳು ಯೋಚಿಸುವುದೇ ಹೀಗೆ. ಅದರ ಮೊದಲ ಮೋಸ ತನ್ನ ಮೇಲೆಯೇ. ಕುಡಿದವನು ನಾನು ಕುಡಿದಿಲ್ಲ ಅನ್ನುತ್ತಾನಲ್ಲ, ಹಾಗೆ.

ಕುಡಿತದ ಹೋಲಿಕೆಯನ್ನು ಬಾಯಿಮಾತಿಗೆ ತಂದಿಲ್ಲ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್, ರೀಡ್ ಎಂಬಿಬ್ಬರು ಸಂಶೋಧಕರು ಒಂದೇ ಮಂದಿಗೆ ಒಮ್ಮೆ ನಿದ್ದೆಗೆಡಿಸಿ, ಒಮ್ಮೆ ಮದ್ಯ ಕುಡಿಸಿ, ಕೈ ಕಣ್ಣಿನ ಹೊಂದಾಣಿಕೆ ಅಳೆದರು. 17 ತಾಸು ಎಚ್ಚರವಿದ್ದವನ ಕೈ, ರಕ್ತದಲ್ಲಿ ಶೇ. 0.05 ಮದ್ಯ ಇರುವವನ ಕೈಯಂತೆ ತಡವರಿಸಿತು. 24 ತಾಸಾದರೆ ಅದು ಶೇ. 0.10ಕ್ಕೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ. 0.03. ನಾನು ಎದ್ದು ಆಗಲೇ 22 ತಾಸು ಮೀರಿತ್ತು. ಒಂದು ಹನಿ ಮದ್ಯ ಮುಟ್ಟದವನು ಕಾನೂನಿನ ಮಿತಿಯ ಎರಡು ಮೂರು ಪಟ್ಟು ಅಮಲಿನಲ್ಲಿದ್ದಂತೆ ಹಡೆದ ಅವ್ವನನ್ನು ಹಿಂದೆ ಮಲಗಿಸಿಕೊಂಡು ಹೊಡೆಯುತ್ತಿದ್ದೆ. ದಾರಿಯಲ್ಲಿ ಪೊಲೀಸರು ತಡೆದು ಊದಿಸಿದ್ದರೆ ಯಂತ್ರ ಸೊನ್ನೆ ತೋರಿಸಿ ಹೋಗು ಅನ್ನುತ್ತಿತ್ತು.

ಆಮೇಲೆ ಕಣ್ಣು ಹತ್ತಿತು. ಹತ್ತಿದ್ದು ನನಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದು ತೆರೆದಾಗ. ತೆರೆದಾಗ ಕಬ್ಬಿತ್ತು.

ಧೂಳು ಇಳಿಯಿತು. ಯಾರೂ ಮಾತಾಡಲಿಲ್ಲ. ಮಾಮಾನೇ ಮೊದಲು ಕೈ ಚಾಚಿ ಕೀಲಿ ತಿರುಗಿಸಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಅವ್ವನ ಕಾಲು ಸೀಟಿನ ಕೆಳಗೆ ಜಾರಿತ್ತು, ಹೆಂಡತಿ ಎರಡೂ ಕೈಯಿಂದ ಆ ಕಾಲನ್ನು ಹಿಡಿದುಕೊಂಡೇ ಕೂತಿದ್ದಳು. ಹೊಲಿಗೆ ಬಿಚ್ಚಿರಲಿಲ್ಲ. ನಾನು ಬಾಗಿಲು ತೆಗೆದು ಇಳಿದೆ, ಮೊಣಕಾಲು ನಿಲ್ಲಲಿಲ್ಲ, ಹಾಗೆಯೇ ಜಲ್ಲಿಯ ಮೇಲೆ ಕೂತೆ. ಬಂಪರಿಗೂ ಮೋರಿಯ ಕಟ್ಟೆಗೂ ನಡುವೆ ನನ್ನ ಅಂಗೈ ಹಿಡಿಸುವಷ್ಟು ಜಾಗ. ಕಟ್ಟೆಯ ಆಚೆ ಹಳ್ಳ, ಹಳ್ಳದ ತುಂಬ ಕಪ್ಪು.

ಟ್ರ್ಯಾಕ್ಟರಿನ ಹುಡುಗ ಓಡಿ ಬಂದ. ಇಪ್ಪತ್ತರ ಆಸುಪಾಸು, ಮೈಮೇಲೆ ಕಂಬಳಿ, ಕೆನ್ನೆಯ ಮೇಲೆ ಸ್ಟೇರಿಂಗಿನ ಗೆರೆ ಮೂಡಿತ್ತು. "ಅಣ್ಣಾ, ಪಂಚರ್ ಆಗಿತ್ರೀ. ಬೆಳಗಾಗ್ಲಿ ಅಂತ ಕುಂತಿದ್ದೆ. ಕಣ್ಣು ಹತ್ತಿಬಿಡ್ತು" ಅಂದ. ಕಾರ್ಖಾನೆಯ ಅಂಗಳದಲ್ಲಿ ಒಂದು ಹಗಲು ಒಂದು ರಾತ್ರಿ ಸಾಲಿನಲ್ಲಿ ಕಾದು, ಟ್ರಾಲಿ ಖಾಲಿ ಮಾಡಿ, ಮತ್ತೆ ಹೊಲಕ್ಕೆ ಹೋಗಿ ತುಂಬಿಸಿಕೊಂಡು ಬಂದವನು. ಟ್ರಾಲಿಯ ಹಿಂದೆ ನಾಲ್ಕು ಕಲ್ಲು, ಒಂದು ಕಟ್ಟು ತೊಗರಿ ಕಟ್ಟಿಗೆ ಇಟ್ಟಿದ್ದ, ಅಷ್ಟೇ. ನಾನು ಬೈಯಬೇಕಿತ್ತು. ಬೈಯಲು ಬಾಯಿ ಬರಲಿಲ್ಲ. ರಸ್ತೆಯ ಮೇಲೆ ಅವನೊಬ್ಬ ನಿದ್ದೆಹೋಗಿದ್ದ, ಅವನ ಹಿಂದೆ ನಾನೊಬ್ಬ ನಿದ್ದೆಹೋಗಿ ಬಂದೆ.

ನಿಂತ ಗಾಡಿಗೆ ಹಿಂದಿನಿಂದ ಹೋಗಿ ಗುದ್ದುವುದು ನಮ್ಮ ರಸ್ತೆಗಳಲ್ಲಿ ಇದೇ ಹೊತ್ತಿನಲ್ಲಿ ಮತ್ತೆ ಮತ್ತೆ ಆಗುತ್ತದೆ. 2024ರ ಜೂನ್ 28ರಂದು ಹಾವೇರಿ ಜಿಲ್ಲೆ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸಿನಲ್ಲಿ, ದೇವಿ ದರ್ಶನ ಮುಗಿಸಿ ಭದ್ರಾವತಿ ಕಡೆಯ ಎಮ್ಮೆಹಟ್ಟಿಗೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಬಡಿದು 13 ಮಂದಿ ಸತ್ತರು. ಬೆಳಗಿನ ಜಾವ ನಾಲ್ಕರ ಸುಮಾರು. 2025ರ ಏಪ್ರಿಲ್ 5ರಂದು ನಮ್ಮದೇ ಜಿಲ್ಲೆಯ ಜೇವರ್ಗಿ ತಾಲ್ಲೂಕಿನ ನೆಲೋಗಿ ಕ್ರಾಸ್ ಹತ್ತಿರ, ಬಾಗಲಕೋಟೆಯಿಂದ ಖಾಜಾ ಬಂದೇನವಾಜ್ ದರ್ಗಾಕ್ಕೆ ಬರುತ್ತಿದ್ದವರ ವ್ಯಾನು ನಿಂತ ಲಾರಿಗೆ ಬಡಿದು ಐವರು ಹೋದರು. ಅದೂ ನಸುಕಿನ ಮೂರೂವರೆ ಸುಮಾರಿಗೆ. ಎರಡರಿಂದ ಆರರವರೆಗೆ ದೇಹದ ಶಾಖ ಇಳಿಯುತ್ತದೆ, ಒಳಗಿನ ಗಡಿಯಾರ ಮಲಗು ಅನ್ನುತ್ತದೆ. ಎಷ್ಟೇ ಅನುಭವಿ ಡ್ರೈವರ್ ಆಗಿರಲಿ, ಈ ಗಡಿಯಾರಕ್ಕೆ ಲೈಸೆನ್ಸ್ ಕಾಣುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಎರಡರಿಂದ ನಾಲ್ಕರವರೆಗೆ ಅದರ ಸಣ್ಣ ತಮ್ಮ ಒಬ್ಬ ಬರುತ್ತಾನೆ, ಅವನನ್ನೂ ಹಗುರ ಎಣಿಸುವಂತಿಲ್ಲ.

ಮಾಮಾ ಡಿಕ್ಕಿಯಿಂದ ಕೆಂಪು ತ್ರಿಕೋನ ತೆಗೆದು ಹುಡುಗನ ಕೈಗೆ ಕೊಟ್ಟ. "ಐವತ್ತು ಹೆಜ್ಜಿ ಹಿಂದ ಇಟ್ಟು ಬಾ. ಬ್ಯಾಟರಿ ಹಿಡ್ಕೊಂಡು ಅಲ್ಲೇ ಬಾಜೂಕ ನಿಂದ್ರು, ಟ್ರಾಲಿ ಕೂಡ ನಿಂದ್ರಬ್ಯಾಡ" ಅಂದ. ಆಮೇಲೆ ನನ್ನ ಕಡೆ ತಿರುಗಿದ. ಬೈಯುತ್ತಾನೆಂದು ತಲೆ ತಗ್ಗಿಸಿದೆ. ಬೈಯಲಿಲ್ಲ.

"ಗಾಡಿ ಹೆಂಗರ ಹೊಲದ ದಾರಿಗಿ ಎಳಿ. ಇಪ್ಪತ್ತು ಮಿನಿಟ್ ಮಕ್ಕೋ. ನಾ ಎಬ್ಬಸ್ತೀನಿ."

"ಈಗ ಎಲ್ಲಿ ನಿದ್ದಿ ಮಾಮಾ? ಎದಿ ನೋಡ್ರಿ ಹೆಂಗ್ ಹೊಡ್ಕೊಳ್ಳತ್ತದ. ಪೂರಾ ಎಚ್ಚರ ಅದೀನಿ. ಹೋಗೇ ಬಿಡಮು."

"ಅಂಜಿಕಿ ಹತ್ತು ಮಿನಿಟ್ ಇರ್ತದ. ಅದು ಇಳಿದ ಮ್ಯಾಲ ಬರೋ ನಿದ್ದಿ ಮೊದ್ಲಿಂದಕ್ಕಿಂತ ಘಟ್ಟಿ. ನನಗ ಹೇಳ್ತಿ?"

ಅವನು ಹೇಳಿದ್ದು ಸುಳ್ಳಾಗಲಿಲ್ಲ. ಅವನಿಂದ ಕೀಲಿ ಇಸಿದುಕೊಂಡು, ಮೋರಿ ದಾಟಿ ಹೊಲದ ದಾರಿಯಲ್ಲಿ ಗಾಡಿ ನಿಲ್ಲಿಸಿದೆ, ಕೀಲಿ ಮತ್ತೆ ಅವನ ಜೇಬಿಗೆ ಹೋಯಿತು, ಸೀಟು ಹಿಂದಕ್ಕೆ ಮಲಗಿಸಿದೆ. ಮಾಮಾ ಥರ್ಮಾಸಿನಿಂದ ಆಸ್ಪತ್ರೆಯ ಕಾಫಿ ಬಗ್ಗಿಸಿದ. ಆರಿತ್ತು, ಕಹಿಯಾಗಿತ್ತು. "ಕುಡದೇ ಮಕ್ಕೋ" ಅಂದ. ಕಾಫಿ ಕುಡಿದು ಮಲಗುವುದೇ? ಲಾರಿಯವರು ಅನುಭವದಿಂದ ಕಲಿತ ಈ ಉಪಾಯವನ್ನು ಆ ಲಫ್‌ಬರೋದವರು ಪ್ರಯೋಗಶಾಲೆಯಲ್ಲಿ ಸರಿ ಎಂದು ತೋರಿಸಿದ್ದಾರೆ. ಕಾಫಿ ಕೆಲಸ ಶುರುಮಾಡಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಅಷ್ಟರೊಳಗೆ ಹದಿನೈದು ಇಪ್ಪತ್ತು ನಿಮಿಷ ನಿದ್ದೆ ಮಾಡಿದರೆ, ಏಳುವ ಹೊತ್ತಿಗೆ ಎರಡರ ಬಲವೂ ಕೂಡಿ ಬರುತ್ತದೆ. ಅರ್ಧ ತಾಸು ಮೀರಿ ಮಲಗಿದರೆ ಗಾಢ ನಿದ್ದೆಯ ನಡುವಿನಿಂದ ಏಳಬೇಕಾಗಿ ತಲೆ ಇನ್ನಷ್ಟು ಮಂಕಾಗುತ್ತದೆ. ಎದ್ದ ತಕ್ಷಣ ಗಾಡಿ ತೆಗೆಯಬಾರದು, ಕೆಳಗಿಳಿದು ಸ್ವಲ್ಪ ಓಡಾಡಬೇಕು.

ಎದೆ ಹೊಡೆದುಕೊಳ್ಳುತ್ತಿದೆ ಅಂದವನು ಎರಡೇ ನಿಮಿಷಕ್ಕೆ ಗೊರಕೆ ಹೊಡೆದೆನಂತೆ. ಮಾಮಾ ಎಬ್ಬಿಸಿದಾಗ ಪ್ರಶ್ನೆ ಕೇಳಿದ. "ನಮ್ಮ ಗಾಡಿ ನಂಬರ್ ಹೇಳು." ಹೇಳಿದೆ. "ಅದನ್ನ ಹಿಂದ್ ಮುಂದ್ ಮಾಡಿ ಹೇಳು." ತಡವರಿಸಿದೆ. "ಕಿಣ್ಣಿ ಸಡಕಕ್ಕಿಂತ ಮೊದ್ಲು ಬಂದ ಊರು ಯಾವ್ದು?" ಅದು ಬರಲೇ ಇಲ್ಲ. ಕೀಲಿ ಅವನ ಜೇಬಿನಿಂದ ಹೊರಗೆ ಬರಲಿಲ್ಲ. "ನೆಗಡಿ ಗುಳಿಗಿ ನುಂಗೀಯಲ್ಲ, ಅದರ ಮಬ್ಬು ಇನ್ನಾ ಇಳಿದಿಲ್ಲ. ಬೆಳಗಾಗ್ಲಿ."

ಆ ಗುಳಿಗೆಯ ವಿಚಾರ ನಾನು ಮರೆತೇಬಿಟ್ಟಿದ್ದೆ. ನೆಗಡಿ, ಕೆಮ್ಮು, ಅಲರ್ಜಿಗೆ ಕೊಡುವ ಎಷ್ಟೋ ಔಷಧಿಗಳಲ್ಲಿ ಮಂಪರು ತರುವ ಅಂಶವಿರುತ್ತದೆ. ಚೀಟಿಯ ಮೇಲೆ ಸಣ್ಣ ಅಕ್ಷರದಲ್ಲಿ ಗಾಡಿ ಓಡಿಸಬೇಡಿ ಎಂದು ಬರೆದೂ ಇರುತ್ತದೆ. ಅಂಗಡಿಯಲ್ಲಿ ನಿಂತು ಒಂದು ಮಾತು ಕೇಳಬಹುದಿತ್ತು, ಮಂಪರು ಬರುತ್ತದೇನು ಅಂತ.

ಕಾದೆವು. ಅವ್ವನಿಗೆ ಕಂಬಳಿ ಹೊದಿಸಿ, ಕಾಲ ಕೆಳಗೆ ಬಟ್ಟೆಯ ಗಂಟು ಇಟ್ಟೆವು. ಮಾಮಾ ಕತ್ತಲಲ್ಲಿ ತನ್ನ ಕತೆ ಹೇಳಿದ. ಎರಡು ದಿನ ಎರಡು ರಾತ್ರಿ ಒಬ್ಬನೇ ಹೊಡೆದದ್ದು, ರಸ್ತೆಯಲ್ಲಿ ಇಲ್ಲದ ಎಮ್ಮೆ ಕಂಡು ಬ್ರೇಕ್ ಹಾಕಿದ್ದು, ಮಾಲಕರು ತಡವಾದರೆ ಬಾಡಿಗೆ ಕಡಿಯುತ್ತಿದ್ದುದು. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಒಂದಿತ್ತು, ದಿನಕ್ಕೆ ಎಂಟು ತಾಸು, ವಾರಕ್ಕೆ 48 ತಾಸಿಗಿಂತ ಹೆಚ್ಚು ದುಡಿಸಬಾರದೆಂದು 1961ರಲ್ಲೇ ಬರೆದಿಟ್ಟಿದ್ದರು ಅಂದೆ. ಮಾಮಾ ಬಹಳ ಹೊತ್ತು ಸುಮ್ಮನಿದ್ದ. "ನಾ ಸ್ಟೇರಿಂಗ್ ಹಿಡದಿದ್ದೇ ಅದರ ಹಿಂದ. ಒಬ್ಬರೂ ಹೇಳ್ಲಿಲ್ಲ ನೋಡು" ಅಂದ. ಅವನ ದನಿ ನನಗೆ ಇನ್ನೂ ಕೇಳುತ್ತದೆ. ಆ ಕಾಯ್ದೆ ಜಾರಿಯಾಗಿದ್ದರೆ ಎಷ್ಟು ಮನೆಗಳಲ್ಲಿ ಅಪ್ಪಂದಿರು ಉಳಿಯುತ್ತಿದ್ದರು. ಪಂಚರಾದ ಟ್ರಾಲಿಯಿಂದ ದೂರ ಬ್ಯಾಟರಿ ಹಿಡಿದು ಚಳಿಗೆ ನಡುಗುತ್ತ ನಿಂತಿದ್ದ ಆ ಹುಡುಗನೂ ಆ ಹೊತ್ತಿಗೆ ಮಲಗಿರುತ್ತಿದ್ದ.

ಆರೂವರೆ ದಾಟಿ ಬೆಳಕು ಹರಿಯಿತು. ಆಮೇಲೆ ಮಾಮಾ ತಾನೇ ಸ್ಟೇರಿಂಗ್ ಹಿಡಿದ, ಹಗಲಿನಲ್ಲಿ ಅವನಿಗೆ ಚೆನ್ನಾಗಿ ಕಾಣುತ್ತದೆ. ಕಮಲಾಪುರದ ಅಂಚಿಗೆ ಬಂದಾಗ ವೇಗ ಇಳಿಸಿ ಒಂದು ಸೇತುವೆಯ ಕಡೆ ಗದ್ದ ತೋರಿಸಿದ. ನನಗೆ ಹೇಳಬೇಕಾಗಿರಲಿಲ್ಲ. 2022ರ ಜೂನ್ 3, ಬೆಳಿಗ್ಗೆ ಆರೂವರೆಯ ಸುಮಾರು. ಗೋವಾದಿಂದ ಹೈದರಾಬಾದಿಗೆ ರಾತ್ರಿಯಿಡೀ ಓಡಿ ಬಂದಿದ್ದ ಖಾಸಗಿ ಬಸ್ಸು ಸರಕಿನ ವಾಹನಕ್ಕೆ ಡಿಕ್ಕಿಯಾಗಿ ಸೇತುವೆಯಿಂದ ಕೆಳಗೆ ಬಿದ್ದು ಹೊತ್ತಿ ಉರಿಯಿತು. ಹುಟ್ಟುಹಬ್ಬಕ್ಕೆಂದು ಗೋವಾಕ್ಕೆ ಹೋಗಿದ್ದ ಹೈದರಾಬಾದಿನ ಕುಟುಂಬ, ಬಂಧುಬಳಗ. ಏಳು ಮಂದಿ ಬಸ್ಸಿನೊಳಗೇ ಸುಟ್ಟುಹೋದರು. ಅಪಘಾತಕ್ಕೆ ಕಾರಣ ಏನೇ ಇರಲಿ, ನನ್ನ ಎದೆಗೆ ನಾಟುವುದು ಬಸ್ಸಿನ ಒಳಗಿನ ಆ ಹೊತ್ತು. ಹಿಂದಿನವರು ನಂಬಿ ಮಲಗಿರುವ ಹೊತ್ತು. ಹಿಂದಿನ ಸೀಟಿನಲ್ಲಿ ಅವ್ವ ಬಾಯಿ ತೆರೆದು ಮಲಗಿದ್ದಳು. ನಾನು ಕನ್ನಡಿಯಲ್ಲಿ ಅವಳನ್ನು ನೋಡುತ್ತಲೇ ಇದ್ದೆ.

ಊರೊಳಗೆ ರಸ್ತೆ ಬದಿ ಕಮಲಾಪುರದ ಕೆಂಪು ಬಾಳೆಯ ಗೊನೆ ಇಳಿಸುತ್ತಿದ್ದರು. ಮಾಮಾ ನಿಲ್ಲಿಸಿ ಒಂದು ಡಜನ್ ಕೊಂಡ. ಅವ್ವ ಎದ್ದು, "ಇಷ್ಟೊತ್ತು ಎಲ್ಲಿ ನಿಂತಿದ್ರಿ, ಮನಿ ಇನ್ನಾ ಬರ್ಲಿಲ್ಲಾ?" ಅಂದಳು. ಹೆಂಡತಿ ಹಣ್ಣು ಸುಲಿದು ಅವಳ ಕೈಗಿಟ್ಟಳು. ಯಾರೂ ಏನೂ ಹೇಳಲಿಲ್ಲ. ಮಹಾಗಾಂವ ಕ್ರಾಸ್ ದಾಟಿ, ಕಲಬುರಗಿಯ ಹುಮನಾಬಾದ್ ಬೇಸಿಗೆ ಬಂದು, ಗಾಜಿಪುರದ ಗಲ್ಲಿಗೆ ತಿರುಗುವಾಗ ಎಂಟು ಗಂಟೆ. ನಾಲ್ಕು ಮುಕ್ಕಾಲಿಗೆ ಸೇರಬೇಕಿದ್ದ ಮನೆ. ಮೂರು ತಾಸು ಚಿಲ್ಲರೆ ತಡ. ಮಿಲ್ಲಿನಲ್ಲಿ ಯಾರೂ ಕೇಳಲೇ ಇಲ್ಲ.

ಊರು ಹತ್ತಿರ ಬಂದಷ್ಟೂ ಈ ಅಪಾಯ ಹೆಚ್ಚು ಅಂತ ನಾನು ನಂಬುತ್ತೇನೆ. ಮನೆ ಕಂಡಂತಾದರೆ ಮೈ ಸಡಿಲಾಗುತ್ತದೆ, ನಿಲ್ಲಿಸುವ ಮನಸ್ಸು ಸಾಯುತ್ತದೆ. ಕ್ರಿಕೆಟಿಗ ರಿಷಭ್ ಪಂತ್ 2022ರ ಡಿಸೆಂಬರ್ 30ರ ನಸುಕಿನಲ್ಲಿ ದೆಹಲಿಯಿಂದ ಒಬ್ಬರೇ ಹೊರಟು, ತಾಯಿಯ ಊರು ರೂರ್ಕಿಯ ಹತ್ತಿರ ಬಂದಾಗಲೇ ತೂಕಡಿಸಿ ಡಿವೈಡರಿಗೆ ಗುದ್ದಿದರೆಂದು ಆಗ ವರದಿಯಾಯಿತು. ಕಾರು ಸುಟ್ಟು ಹೋಯಿತು. ಅವರನ್ನು ಕಾಪಾಡಿದವರು ಅದೇ ದಾರಿಯಲ್ಲಿ ಬರುತ್ತಿದ್ದ ಹರಿಯಾಣ ಸಾರಿಗೆ ಬಸ್ಸಿನ ಡ್ರೈವರ್, ಕಂಡಕ್ಟರ್. ಎಚ್ಚರವಿದ್ದ ಇನ್ನೊಬ್ಬ ಡ್ರೈವರ್ ಆ ಹೊತ್ತಿಗೆ ಅಲ್ಲಿದ್ದ.

ಹದಿನೈದು ದಿನ ಬಿಟ್ಟು ಅವ್ವನ ಹೊಲಿಗೆ ತೋರಿಸಲು ಮತ್ತೆ ಹೈದರಾಬಾದಿಗೆ ಹೋಗಬೇಕಾಯಿತು. ಈ ಸಲ ಹಗಲು, ಹಿಂದಿನ ರಾತ್ರಿ ಎಂಟು ತಾಸು ಮಲಗಿದ್ದೆ, ಎರಡು ತಾಸಿಗೊಮ್ಮೆ ಇಳಿಯುವುದೆಂದು ಮಾಮಾನೊಂದಿಗೆ ಮಾತಾಗಿತ್ತು. ಕಮಲಾಪುರ ದಾಟಿ ಆ ಮೋರಿಯ ಹತ್ತಿರ ನಿಲ್ಲಿಸಿದೆವು. ಜಲ್ಲಿಯಲ್ಲಿ ನಮ್ಮ ಟೈರಿನ ಗುರುತು ಇನ್ನೂ ಮಾಸಿರಲಿಲ್ಲ. ಟಾರಿನ ಅಂಚಿನಿಂದ ಮೋರಿಯ ಕಟ್ಟೆಯವರೆಗೆ ಹೆಜ್ಜೆ ಹಾಕಿದೆ. ಆಮೇಲೆ ಹಿಂದಕ್ಕೆ ತಿರುಗಿ ಹುಮನಾಬಾದ್ ದಿಕ್ಕಿಗೆ ಟಾರಿನ ಮೇಲೆ ನಡೆದೆ. ಬ್ರೇಕಿನ ಕಪ್ಪು ಗೆರೆ ನಾಲ್ಕು ಹೆಜ್ಜೆ ಇತ್ತು. ಅದರ ಹಿಂದೆ ಏನೂ ಇರಲಿಲ್ಲ. ನಿದ್ದೆಹೋದವನು ಬ್ರೇಕ್ ಹಾಕುವುದಿಲ್ಲ, ಇಂಥ ಅಪಘಾತವನ್ನು ತನಿಖೆ ಮಾಡುವವರು ಮೊದಲು ನೋಡುವುದೂ ಇದನ್ನೇ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ನಾಲ್ಕು ಸೆಕೆಂಡು ಕಣ್ಣು ಮುಚ್ಚಿದ್ದೆ ಅಂದರೂ 90 ಮೀಟರ್. ಅಷ್ಟು ದೂರ ನಡೆದೆ. ನೂರ ಇಪ್ಪತ್ತು ಹೆಜ್ಜೆ ಆಯಿತು. ನಡುವೆ ಎಡಗಡೆ ಒಂದು ಬೇವಿನ ಮರ, ಒಂದು ಮೈಲಿಗಲ್ಲು, ಹೊಲಕ್ಕೆ ಹೋಗುವ ದಾರಿ, ದಾರಿಯ ಬಾಯಲ್ಲಿ ಒಂದು ಗುಡಿಸಲು. ಗುಡಿಸಲ ಮುಂದೆ ಹಗ್ಗದ ಮಂಚ, ಮಂಚದ ಮೇಲೆ ಒಂದು ಮಗು ಬಿಸಿಲಿಗೆ ಮಲಗಿತ್ತು.

"ಏನ್ ನೋಡ್ಲತ್ತಿ?" ಅಂತ ಮಾಮಾ ದೂರದಿಂದ ಕೂಗಿದ.

ಇವ್ಯಾವುವೂ ನನಗೆ ಅವತ್ತು ಕಂಡಿರಲಿಲ್ಲ.